ಅಮ್ಮನನ್ನೂ ಅತ್ತೆಯನ್ನೂ ಒಂದೇ ಪ್ಯಾರಾಕ್ಕೆ ತುರುಕಿದ ಮ್ಯಾಕ್ರೋ ಮಹಾಶಯರಿಗೆ

ಅಸುನ್ಸಿಯೋನ್ ಗಣಿತ ವಿಭಾಗದ ಟೆಕ್ ಎಂಬ ಮುದ್ರಣ ತಂತ್ರಾಂಶದ ಕಡತದಲ್ಲಿ ಸಿದ್ಧ ಆಜ್ಞೆಯಾಗಿ ಠಿಕಾಣಿ ಹೂಡಿ, ಮಹಾಪ್ರಬಂಧಗಳ ಅರ್ಪಣೆಯ ಪುಟವನ್ನು ಜೋಡಿಸುತ್ತಿರುವ ತಮ್ಮ ಸನ್ನಿಧಿಗೆ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ತಮ್ಮನ್ನು ಬರೆದ ಪುಣ್ಯಾತ್ಮ ಬ್ರೆಜಿಲ್‌ಗೆ ಹೋದ ಮೇಲೆ ತಮ್ಮನ್ನು ಮುಟ್ಟುವ ಧೈರ್ಯ ಇಲ್ಲಿ ಯಾರಿಗೂ ಬಂದಿಲ್ಲ.

ನಾನು ಬೇಡಿದ್ದು ಎರಡೇ ಪ್ಯಾರಾ: ಒಂದು ನನ್ನ ಅಮ್ಮ ಸೆಫೆರಿನಾಗೆ, ಇನ್ನೊಂದು ಅತ್ತೆ ಒಬ್ದುಲಿಯಾ ಅವರಿಗೆ. ನಾನು ಪ್ರಬಂಧ ಬರೆಯುವಾಗ ಮಗಳನ್ನು ಸರದಿಯಲ್ಲಿ ಸಾಕಿದವರು ಅವರೇ. ಆದರೆ ಮದುವೆಯ ದಿನ ಅಮ್ಮನ ಮೆಕ್ಕೆಜೋಳದ ಸೋಪಾ ರೊಟ್ಟಿ ಒಣಗಿದೆಯೆಂದು ಅತ್ತೆ ಅಂದಾಗಿನಿಂದ ಇಬ್ಬರಿಗೂ ಮಾತಿಲ್ಲ, ತಣ್ಣನೆಯ ತೆರೆರೆ ಕಷಾಯದ ಲೋಟವೂ ಒಬ್ಬರಿಂದೊಬ್ಬರಿಗೆ ನನ್ನ ಕೈ ದಾಟಿಯೇ ಹೋಗಬೇಕು. ಅಮ್ಮ ಮೊದಲೇ ಗುಡುಗಿದ್ದಳು: “ನೋಡೇ, ಆ ಯಮ್ಮನ ಹೆಸರಿನ ಪಕ್ಕ ನನ್ನ ಹೆಸರು ಹಾಕಿದ್ಯೋ, ನಿನ್ನ ಮನೆ ಹೊಸಿಲು ತುಳಿಯಲ್ಲ.” ಅತ್ತೆಯವರದು ಚುಟುಕು: “ನಂಗೆ ಬೇರೆ ಪ್ಯಾರಾನೇ ಬೇಕಮ್ಮ.”

ಅಮ್ಮನ ಪ್ಯಾರಾ ಮುಗಿಸಿ, ಹೊಸ ಪ್ಯಾರಾದ ಗುರುತಾಗಿ ಒಂದು ಸಾಲು ಖಾಲಿ ಬಿಟ್ಟೆ. ಅರ್ಪಣೆ ಪೂರ್ತಿಯಾಗುವ ಮೊದಲೇ ಪ್ಯಾರಾ ಮುಗಿಯಿತೆಂದು ತಾವು ತಕರಾರು ತೆಗೆದಿರಿ. ಆಹಾ, ಎಂಥ ಶಿಸ್ತು! ಖಾಲಿ ಸಾಲಿನ ಬದಲು ಹೊಸ ಪ್ಯಾರಾದ ಆಜ್ಞೆಯನ್ನೇ ಬರೆದೆ, ಎರಡು ಪ್ಯಾರಾವನ್ನೂ ಇನ್ನೊಂದು ಜೊತೆ ಬ್ರಾಕೆಟ್ಟಿನೊಳಗೆ ಕೂರಿಸಿದೆ. ಮತ್ತೆ ಅದೇ ರಾಗ. ಸಮೀಕರಣ ತುಂಬಿದ ಅಧ್ಯಾಯಗಳನ್ನು ನುಂಗಿ ನೀರು ಕುಡಿಯುವ ಮನೆತನದಲ್ಲಿ ಹುಟ್ಟಿದ ತಮಗೆ ಇಬ್ಬರು ಹೆಂಗಸರ ಎರಡು ಪ್ಯಾರಾ ಗಂಟಲಲ್ಲಿ ಸಿಕ್ಕಿಕೊಂಡವು. ಪ್ರಬಂಧವನ್ನು ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕಿತ್ತು. ಪಕ್ಕದ ಮೇಜಿನ ಸಹೋದ್ಯೋಗಿ ದೆರ್ಲಿಸ್, “ಆ ಖಾಲಿ ಸಾಲಲ್ಲಿ ಒಂದು ಶೇಕಡಾ ಚಿಹ್ನೆ ಹಾಕ್ಬಿಡೇ, ಬಾಯಿ ಮುಚ್ಕೊಳ್ಳತ್ತೆ” ಅಂದ. ಹಾಕಿದೆ, ತಾವು ಬಾಯಿ ಮುಚ್ಚಿಕೊಂಡಿರಿ, ನಾನು ಪುಟ ತಿರುಗಿಸಿಯೂ ನೋಡದೆ ಕಳಿಸಿಬಿಟ್ಟೆ.

ಪುಸ್ತಕ ಬಂತು. ಆ ಚಿಹ್ನೆ ಖಾಲಿ ಸಾಲನ್ನೇ ನುಂಗಿಹಾಕಿತ್ತು. ಅಮ್ಮನ ಕೊನೆಯ ವಾಕ್ಯಕ್ಕೆ ಮೈ ತಾಗಿಸಿಕೊಂಡು ಅತ್ತೆ ಕೂತಿದ್ದರು.

ಭಾನುವಾರದ ಊಟಕ್ಕೆ ಬಂದ ಇಬ್ಬರೂ ಒಂದೇ ಪ್ರತಿಯ ಮೇಲೆ ಬಗ್ಗಿ ಓದಿದರು. ಅತ್ತೆ ಅಮ್ಮನ ಕಡೆ ತಿರುಗಿ, “ನೋಡಿದ್ರಾ ಬೀಗಿತ್ತಿಯವರೇ, ನಮ್ಮಿಬ್ರನ್ನೂ ಒಂದೇ ಪ್ಯಾರಾದಲ್ಲಿ ಮುಗಿಸಿದಾಳೆ!” ಅಂದರು. ಅಮ್ಮ, “ಮಗು ಅಂಡು ತೊಳೆಯೋಕೆ ಮಾತ್ರ ಇಬ್ಬರೂ ಬೇಕಿತ್ತು ಇವಳಿಗೆ” ಅಂದಳು. ಪಾದ್ರಿಯಿಂದಲೂ ಆಗದ ಸಂಧಾನವನ್ನು ತಾವು ಮಾಡಿಕೊಟ್ಟಿರಿ. ಈಗ ಅವರಿಬ್ಬರೂ ಒಂದು. ಮಾತು ಬಿಟ್ಟಿರುವುದು ನನ್ನ ಜೊತೆ. ಆದ್ದರಿಂದ ಅವರ ಹಳೆಯ ಜಗಳವನ್ನು ಮೊದಲಿದ್ದ ಜಾಗದಲ್ಲೇ ದಯಮಾಡಿ ಮರುಜೋಡಿಸಿಕೊಡಬೇಕಾಗಿ ಪ್ರಾರ್ಥನೆ.

ಹಲ್ಲು ಕಚ್ಚಿಕೊಂಡು,
ತಮ್ಮ ವಿಶ್ವಾಸಿ,
ಡಾ. ಮಿರ್ತಾ ಬೊಬಾದಿಯಾ

ಮರೆತ ಮಾತು: ತಮ್ಮ ವ್ಯಾಖ್ಯೆಯ ಮುಂದೆ ‘ಲಾಂಗ್’ ಎಂಬ ಒಂದು ಪದ ಸೇರಿಸಿದ್ದರೆ ಎಷ್ಟು ಪ್ಯಾರಾ ಕೊಟ್ಟರೂ ತೆಪ್ಪಗೆ ತೆಗೆದುಕೊಳ್ಳುತ್ತಿದ್ದಿರಂತೆ. ದೆರ್ಲಿಸ್ ಇದನ್ನು ಪುಸ್ತಕ ಬಂದ ಮೇಲೆ ಹೇಳಿದ. ಅವನಿಗೂ ಒಂದು ಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ‘ಮಾನ್ಯರೇ’ ಇರುವುದಿಲ್ಲ.