ಎಷ್ಟಾಯ್ತು?

ಇಡೀ ಅವಾಂತರಕ್ಕೆ ಕಾರಣ ಒಂದೇ ಒಂದು ಸಾಲು. ಲಿಫ್ಟುಗಳನ್ನು ಓಡಿಸುವ ಸಾಫ್ಟ್‌ವೇರ್ ಬರೆಯುವ ಆಫೀಸದು. ಅಲ್ಲಿನ 'ಒಂದ್ನಿಮಿಷ' ಎಂಬಾತ ಬೆಳಿಗ್ಗೆ ಬಂದವನೇ ಒಂದು ಸಾಲು ತಿದ್ದಿ ಬಿಲ್ಡಿಗೆ ಹಾಕಿದ. ಯಾರು ಕರೆದರೂ "ಒಂದ್ನಿಮಿಷ, ಬಂದೆ" ಎನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು. ಈಗೀಗ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಬಿಲ್ಡ್ ಎಂದರೆ, ಎಲ್ಲರೂ ಬರೆದದ್ದನ್ನು ಮೂಲೆಯಲ್ಲಿದ್ದ ಸರ್ವರ್ ಒಟ್ಟು ಜೋಡಿಸಿ, ಪರೀಕ್ಷಿಸಿ, ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುವ ಕೆಲಸ. ತಿದ್ದಿದವನು ಹಸಿರು ಬರುವ ತನಕ ಕುರ್ಚಿ ಬಿಟ್ಟು ಏಳಬಾರದು ಎಂಬುದು ಮ್ಯಾನೇಜರರ ನಿಯಮ. ಹಸಿರಾದ ಬಿಲ್ಡ್ ತಾನಾಗಿಯೇ ಮೊದಲು ಹೋಗುತ್ತಿದ್ದುದು ತಮ್ಮದೇ ಕಟ್ಟಡದ ಲಿಫ್ಟಿಗೆ. ಊರಿಗೆ ಬಡಿಸುವ ಮುಂಚೆ ನಾವೇ ರುಚಿ ನೋಡಬೇಕು ಎಂಬುದು ಅವರ ಹಟ.

ಅವತ್ತು ಸಂಜೆ ಐದಕ್ಕೆ ಮಗಳ ಶಾಲೆಯಲ್ಲಿ ನಾಟಕ. ಅವಳು ಮರ. ಹೋದ ವರ್ಷ ಅವಳು ಬಂಡೆಯಾಗಿದ್ದಾಗ ಇವನು "ಒಂದ್ನಿಮಿಷ" ಎನ್ನುತ್ತ ಕೂತು ನಾಟಕವೇ ಮುಗಿದುಹೋಗಿತ್ತು. "ಬಂಡೆಗೆ ಮಾತಿರ್ಲಿಲ್ಲ, ಪರವಾಗಿಲ್ಲ. ಈ ಸಲ ಮರಕ್ಕೆ ಒಂದು ಮಾತಿದೆ ಅಪ್ಪಾ," ಎಂದಿದ್ದಳು ಬೆಳಿಗ್ಗೆ. ಪಾಪ, ಅವನು ತಿಂಡಿ ಅರ್ಧಕ್ಕೇ ಬಿಟ್ಟು ಎದ್ದಿದ್ದ.

ಅದಕ್ಕೇ ಅವನೊಂದು ಪುಟ್ಟ ಕಮಾಂಡ್ ಬರೆದ. ಕಪ್ಪು ಪರದೆಯಲ್ಲಿ ಅದನ್ನು ಟೈಪ್ ಮಾಡಿದರೆ ಸಾಕು, ಬಿಡುವಿಲ್ಲದೆ ಸರ್ವರನ್ನು "ಎಷ್ಟಾಯ್ತು? ಎಷ್ಟಾಯ್ತು?" ಎಂದು ಕೇಳಿ, ಶೇಕಡಾ ಇಷ್ಟಾಯ್ತು ಎಂದು ತೋರಿಸಿ, ಅಂಕಿ ಏರಿದಾಗೆಲ್ಲ ಟಿಂಗ್ ಎನ್ನುತ್ತಿತ್ತು.

"ಏನದು ಟಿಂಗು?" ಪಕ್ಕದ ಮೇಜಿನವನು ಕತ್ತು ಚಾಚಿದ. ಕೇಳದಿದ್ದರೂ ಸಲಹೆ ಕೊಡುವುದರಿಂದ ಅವನಿಗೆ 'ಸಲಹೆ' ಎಂದೇ ಹೆಸರು. "ಭಲೇ! ನಂಗೂ ಕೊಡು. ನಿಂಗೆ ಜೊತೆಯಾಗತ್ತೆ."

ಸಲಹೆಯ ಮೇಜಿನಿಂದ ಅದು ಪರೀಕ್ಷೆ ವಿಭಾಗದ ಅಕ್ಕನಿಗೆ ಹೋಯಿತು. ಅಕ್ಕ ಇಡೀ ಸಾಲಿಗೆ ಹಂಚಿದಳು. ಊಟದ ಹೊತ್ತಿಗೆ ಪ್ರತಿ ಮೇಜಿನಲ್ಲೂ ಟಿಂಗ್. ಮ್ಯಾನೇಜರರು ಫೋನಿನಲ್ಲೂ ಹಾಕಿಸಿಕೊಂಡು, ಕೈ ತೊಳೆಯುವ ಕಡೆಗೂ ಒಯ್ದರು. ಕೆಲಸ ಮಾಡುತ್ತಿದ್ದವರು ಯಾರೂ ಇಲ್ಲ, ಎಲ್ಲರೂ ನೋಡುವವರೇ.

ಶೇಕಡಾ ಅರವತ್ತೊಂದಕ್ಕೆ ಬಂದ ಅಂಕಿ ಅಲ್ಲೇ ಠಿಕಾಣಿ ಹೂಡಿತು. ನಾಲ್ಕು ಗಂಟೆಯಾಯಿತು. ಸರ್ವರಿಗೆ ಏನಾಗಿದೆಯೆಂದು ಒಂದ್ನಿಮಿಷ ಇಣುಕಿ ನೋಡಿದರೆ, ಅದು ಬಿಲ್ಡ್ ಕೆಲಸ ಬದಿಗಿಟ್ಟು ಬರೀ ಉತ್ತರ ಕೊಡುತ್ತ ಕೂತಿತ್ತು. ಮನೆಮಂದಿಯೆಲ್ಲ ಅಡುಗೆಮನೆ ಬಾಗಿಲಲ್ಲಿ ನಿಂತು "ಆಯ್ತಾ, ಆಯ್ತಾ" ಎಂದರೆ ಒಲೆ ಮುಂದಿದ್ದವರು ಸೌಟು ಆಡಿಸುವುದು ಯಾವಾಗ?

ಅವನು ಕುರ್ಚಿ ಹತ್ತಿ ನಿಂತ. "ಎಲ್ಲರೂ ಅದನ್ನ ಮುಚ್ಚಿ! ನಾವು ನೋಡ್ತಾ ಇರೋದಕ್ಕೇ ಅದು ನಿಧಾನ ಆಗಿರೋದು!"

"ನಾನೊಬ್ಬಳು ನೋಡಿದ್ರೆ ಏನಾಗತ್ತೆ?" ಎಂದಳು ಅಕ್ಕ.

"ನಾನಂತೂ ಆಗಾಗ ನೋಡೋದು," ಎಂದ ಸಲಹೆ.

"ನಾನು ನೋಡ್ತಿಲ್ಲಪ್ಪ, ಮೇಲ್ವಿಚಾರಣೆ ಮಾಡ್ತಿದೀನಿ," ಎಂದರು ಮ್ಯಾನೇಜರರು.

ಒಂದ್ನಿಮಿಷನಿಗೆ ರೇಗಿಹೋಯಿತು. "ಸರಿ. ಈಗ ಯಾರ ಪರದೆ ತೆರೆದಿದೆಯೋ, ನಾಳೆಯಿಂದ ಬಿಲ್ಡ್ ಕಾಯೋದು ಅವರೇ!"

ಕಣ್ಣುಮುಚ್ಚಿ ತೆರೆಯುವುದರಲ್ಲಿ ಆಫೀಸು ನಿಶ್ಶಬ್ದವಾಯಿತು. ಸರ್ವರ್ ಉಸ್ಸೆಂದು ಉಸಿರು ಬಿಟ್ಟು ಕೆಲಸಕ್ಕೆ ಇಳಿಯಿತು. ಸ್ವಲ್ಪ ಹೊತ್ತಿನಲ್ಲೇ ಹಸಿರು!

ಒಂದ್ನಿಮಿಷ ಚೀಲ ಹೆಗಲಿಗೇರಿಸಿ ಓಡಿದ. ಆಫೀಸಿದ್ದ ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಹೆಂಡತಿ, ಅವಳ ಪಕ್ಕದಲ್ಲಿ ರಟ್ಟಿನ ಮರ. ಎಲೆಗಳ ನಡುವೆ ಮಗಳ ಮುಖ.

"ಫೋನ್ ಎತ್ತಲ್ಲ, ಅದಕ್ಕೇ ಹಿಡ್ಕೊಂಡು ಹೋಗಕ್ಕೇ ಬಂದ್ವಿ," ಎಂದಳು ಹೆಂಡತಿ. "ಈ ರಟ್ಟಿನೊಳಗೆ ಇವಳಿಗೆ ಮಂಡಿ ಮಡಿಚಕ್ಕಾಗಲ್ಲ, ಮೆಟ್ಟಿಲು ಇಳಿಯೋ ಹಾಗಿಲ್ಲ. ಬೇಗ ಹತ್ತು."

ಒಳಗೆ ಹೋಗಿ ಗುಂಡಿ ಒತ್ತಿದ. ಲಿಫ್ಟು ಅರ್ಧ ಮಹಡಿ ಇಳಿದು ಗಕ್ಕನೆ ನಿಂತಿತು. ಗುಂಡಿಗಳ ಮೇಲಿನ ಪುಟ್ಟ ಪರದೆ ಬೆಳಗಿತು: 'ಹೊಸ ಸಾಫ್ಟ್‌ವೇರ್ ಬರುತ್ತಿದೆ. ಶೇಕಡಾ 3.'

ಓಡುವ ಆತುರದಲ್ಲಿ, ಮೊದಲು ತಮ್ಮ ಲಿಫ್ಟಿನಲ್ಲೇ ರುಚಿ ನೋಡುವ ಮ್ಯಾನೇಜರರ ಹಟವನ್ನೇ ಅವನು ಮರೆತಿದ್ದ. ಅಷ್ಟರಲ್ಲಿ ಮೇಲಿನಿಂದ ಒಂದು ಸದ್ದು ಕೇಳಿತು. ಟಿಂಗ್. ಇನ್ನೊಂದು ಟಿಂಗ್. ಆಮೇಲೆ ಸಾಲಾಗಿ. ಲಿಫ್ಟಿಗೆ ಎಷ್ಟಾಯ್ತು ಎಂದು ಇಡೀ ಆಫೀಸು ಅದೇ ಕಮಾಂಡಿನಲ್ಲಿ ನೋಡತೊಡಗಿತ್ತು.

"ನೋಡಬೇಡ್ರಪ್ಪಾ!" ಬಾಗಿಲಿಗೆ ಬಾಯಿಟ್ಟು ಕೂಗಿದ. "ಒಳಗೆ ಮಗು ಇದೆ! ಯಾರೂ ನೋಡಬೇಡಿ!"

"ನಾವೂ ನೋಡೋದು ಬೇಡಪ್ಪ," ಎಂದು ಮಗಳು ಕೊಂಬೆ ಚಾಚಿ ಅವನ ಮುಖ ತಿರುಗಿಸಿದಳು. ಮೂವರೂ ಪರದೆಗೆ ಬೆನ್ನು ಹಾಕಿ ನಿಂತರು. ಮೇಲೆ ಟಿಂಗ್ ನಿಂತಿತು. ಲಿಫ್ಟು ಜಗ್ಗಿ ಹೊರಟಿತು.

ಆದರೆ ಹೊರಟದ್ದು ಮೇಲಕ್ಕೆ.

ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಮ್ಯಾನೇಜರರು, ಅಕ್ಕ, ಸಲಹೆ ಎಲ್ಲರೂ ಸಾಲಾಗಿ ನಿಂತಿದ್ದರು.

"ಕೆಳಗೆ ಅಂತ ಒತ್ತಿದ್ರೆ ಮೇಲಕ್ಕೆ ಬಂತು," ಎಂದ ಒಂದ್ನಿಮಿಷ, ಸಣ್ಣ ದನಿಯಲ್ಲಿ. ಬೆಳಿಗ್ಗೆ ತಿದ್ದಿದ ಸಾಲು ಅವನ ಕಣ್ಣಮುಂದೆ ಬಂತು.

"ಕೆಳಗೆ ಹೋಗೋ ಪರೀಕ್ಷೆ ನಾಳೆಗಿಟ್ಕೊಂಡಿದ್ದೆ," ಎಂದಳು ಅಕ್ಕ.

"ನಿಯಮ ಅಂದ್ರೆ ನಿಯಮ," ಎಂದರು ಮ್ಯಾನೇಜರರು. "ಸರಿ ಮಾಡು. ಹಸಿರಾಗೋ ತನಕ ಕೂತ್ಕೋ."

ಅವನು ಮಗಳ ಮುಖ ನೋಡಲಾರದೆ ಹೋದ. ಮಗಳು ಮಾತ್ರ ಮ್ಯಾನೇಜರರನ್ನೇ ದಿಟ್ಟಿಸಿದಳು. "ಅಂಕಲ್, ನೋಡ್ತಾ ಕೂತ್ರೆ ಅದು ನಿಧಾನ ಆಗತ್ತಲ್ವಾ? ಎಲ್ಲರೂ ನಮ್ಮ ನಾಟಕ ನೋಡಕ್ಕೆ ಬಂದ್ಬಿಡಿ. ಅಷ್ಟರಲ್ಲಿ ಅದೇ ಆಗತ್ತೆ."

ಮ್ಯಾನೇಜರರು ಗಡಿಯಾರ ನೋಡಿ, ಫೋನನ್ನು ಜೇಬಿಗಿಳಿಸಿ, "ಸರಿ, ನಡೀರಿ," ಎಂದರು. ಒಂದ್ನಿಮಿಷ ಆ ಸಾಲನ್ನು ತಿದ್ದಿ, ಬಿಲ್ಡ್ ಶುರು ಮಾಡಿ, ಮರವನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದ. ಹಿಂದೆ ಇಡೀ ಆಫೀಸು. "ಕೊಂಬೆ ಜೋಪಾನ, ಎಡಕ್ಕೆ ತಿರುಗಿಸು," ಎಂದು ಸಲಹೆ ದಾರಿಯುದ್ದಕ್ಕೂ ಸಲಹೆ ಕೊಟ್ಟ.

ಶಾಲೆಯಲ್ಲಿ ನಾಟಕದ ಪರದೆ ಏಳುವಾಗ ಅವನು ಮುಂದಿನ ಸಾಲಿನಲ್ಲಿದ್ದ. ಮರ ಅಲುಗಾಡದೆ ನಿಂತಿತ್ತು, ಕಣ್ಣು ಮಾತ್ರ ಅವನನ್ನು ಹುಡುಕಿ, ಕಂಡು, ನಕ್ಕಿತು.

ಅಷ್ಟರಲ್ಲಿ ಪಕ್ಕದಲ್ಲಿ ಕೂತವರ ಜೇಬಿನೊಳಗೆ ಟಿಂಗ್ ಎಂದಿತು. ಮ್ಯಾನೇಜರರು ಕಳ್ಳನಂತೆ ಫೋನ್ ಇಣುಕಿ ಪಿಸುಗುಟ್ಟಿದರು. "ಹಸಿರಾಯ್ತು ಕಣಯ್ಯಾ! ಲಿಫ್ಟಿಗೂ ಹೋಯ್ತು!" ಮರುಕ್ಷಣ ಇನ್ನೊಂದು ಟಿಂಗ್. ಅವರ ಮುಖ ಇಳಿಯಿತು. "ನಮ್ಮ ಕಟ್ಟಡದ ಕಾವಲುಗಾರ ಮೆಸೇಜ್ ಹಾಕಿದಾನೆ. ಈಗ ಅದು ಯಾವ ಗುಂಡಿ ಒತ್ತಿದ್ರೂ ಕೆಳಕ್ಕೇ ಹೋಗ್ತಿದೆಯಂತೆ. ಏನು ಮಾಡ್ತೀಯ?"

ಒಂದ್ನಿಮಿಷ ವೇದಿಕೆಯಿಂದ ಕಣ್ಣು ಕೀಳಲಿಲ್ಲ.

"ಒಂದ್ನಿಮಿಷ ಸಾರ್," ಎಂದ. "ಮರ ಮಾತಾಡ್ತಾ ಇದೆ."