ವೆಸ್ ಟಾಲ್ಮನ್‌ನ ಮೊಣಕಾಲು

ಲಾಯ್ಡ್ ಹೆಕ್‌ಮನ್‌ಗೆ ಮೂರು ವಾರದಿಂದ ನೆಟ್ಟಗೆ ನಿದ್ದೆಯಿರಲಿಲ್ಲ. ಕಾರಣ ಒಂದು ಮೊಣಕಾಲು, ಅದೂ ಅವನದಲ್ಲ.

ಆ ಮೊಣಕಾಲಿನ ಒಡೆಯ ವೆಸ್ ಟಾಲ್ಮನ್. ದೊಡ್ಡ ಲೀಗಿನ ಬೇಸ್‌ಬಾಲ್ ಆಟಗಾರ, ವಯಸ್ಸು ಮೂವತ್ತೊಂಬತ್ತು. ಒಂದು ಕಾಲದಲ್ಲಿ ಅವನು ಹೊಡೆದ ಚೆಂಡನ್ನು ಹುಡುಕಲು ಪಕ್ಕದ ಬೀದಿಗೆ ಹೋಗಬೇಕಾಗುತ್ತಿತ್ತು. ಈಗ ವರ್ಷದಲ್ಲಿ ಅರ್ಧ ಭಾಗ ಅವನನ್ನು ಹುಡುಕಲು ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಬರೀ ಒಂದು ಸೀನಿಗೆ ಕತ್ತು ಉಳುಕಿಸಿಕೊಂಡಿದ್ದ. ಇನ್ನೊಮ್ಮೆ ಬೂಟು ಬಿಚ್ಚಲು ಬಗ್ಗಿದವನನ್ನು ಇಬ್ಬರು ಸೇರಿ ನೆಟ್ಟಗೆ ಮಾಡಬೇಕಾಯಿತು. ಜೂನ್ ತಿಂಗಳಲ್ಲಿ ಮೊಣಕಾಲು ಕೈಕೊಟ್ಟಿತು. ಇಂಥವನನ್ನು ನಂಬಿ ಲಾಯ್ಡ್ ತನ್ನ ಕುರ್ಚಿಯನ್ನೇ ಪಣಕ್ಕಿಟ್ಟಿದ್ದ.

ಕುರ್ಚಿಯ ವಿಷಯ ಹೇಳಬೇಕು. ನಮ್ಮ ಕಾರ್ಲಿಸ್ ಊರಿನಲ್ಲಿ ಪ್ರತಿ ಗುರುವಾರ ಸಂಜೆ ಸ್ಟಬ್‌ನ ಬಾರಿನ ಹಿಂದಿನ ಕೋಣೆಯಲ್ಲಿ ಹತ್ತು ಜನ ಹತ್ತು ಕುರ್ಚಿಗಳಲ್ಲಿ ಕೂರುತ್ತಾರೆ. ಒಬ್ಬೊಬ್ಬರದೂ ಒಂದೊಂದು ಕಲ್ಪನೆಯ ಬೇಸ್‌ಬಾಲ್ ತಂಡ, ಫ್ಯಾಂಟಸಿ ಎನ್ನುತ್ತಾರಲ್ಲ, ಅದು. ದೊಡ್ಡ ಲೀಗಿನ ನಿಜವಾದ ಆಟಗಾರರನ್ನು ವಸಂತದಲ್ಲಿ ಹೆಸರು ಹಿಡಿದು ಹಂಚಿಕೊಳ್ಳುತ್ತಾರೆ. ಆ ಆಟಗಾರ ಎಲ್ಲೋ ದೂರದ ಮೈದಾನದಲ್ಲಿ ಚೆಂಡು ಹೊಡೆದರೆ ಇಲ್ಲಿ ಇವರಿಗೆ ಅಂಕ, ಅವನು ಹಾಸಿಗೆ ಹಿಡಿದರೆ ಇವರಿಗೆ ಸೊನ್ನೆ. ಹಣದ ಮಾತೇ ಇಲ್ಲ. ಆದರೆ ಒಂದು ನಿಯಮವಿದೆ: ಸತತ ಮೂರು ವರ್ಷ ಕೊನೆಯ ಸ್ಥಾನಕ್ಕೆ ಬಂದವರು ಕುರ್ಚಿ ಖಾಲಿ ಮಾಡಬೇಕು. ಹಿಂದೊಮ್ಮೆ ಒಬ್ಬ ಹಲ್ಲಿನ ಡಾಕ್ಟರನ್ನು ಓಡಿಸಲೆಂದು ಈ ನಿಯಮ ಸೂಚಿಸಿದವನು ಸ್ವತಃ ಲಾಯ್ಡ್. ಡಾಕ್ಟರು ಆ ವರ್ಷ ಮೊದಲ ಸ್ಥಾನಕ್ಕೆ ಬಂದರು. ಲಾಯ್ಡ್ ಎರಡು ವರ್ಷದಿಂದ ಹತ್ತನೆಯವನು, ಈ ವರ್ಷವೂ ಇಲ್ಲಿಯವರೆಗೆ ಹತ್ತನೆಯವನೇ.

ಹೆಂಡತಿ ಅರ್ಲೀನ್ ತೀರಿಕೊಂಡ ಮೇಲೆ ಲಾಯ್ಡ್ ವಾರದಲ್ಲಿ ಆರು ದಿನ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮುಗಿಸುತ್ತಿದ್ದ. ಗುರುವಾರ ಒಂದು ದಿನ ಕೂತು ತಿನ್ನುತ್ತಿದ್ದ, ಎಡಬಲದವರ ಗೇಲಿ ಕೇಳಿಕೊಂಡು. ಆ ಕುರ್ಚಿಯೂ ಹೋದರೆ ಅವನಿಗೆ ಯಾರ ಜೊತೆ ಊಟ ಮಾಡಬೇಕೆಂದೇ ಗೊತ್ತಿರಲಿಲ್ಲ. ಪಾಪ, ಅದನ್ನು ಬಾಯಿಬಿಟ್ಟು ಹೇಳುವ ಜಾತಿಯ ಮನುಷ್ಯನೂ ಅಲ್ಲ.

ಆದ್ದರಿಂದಲೇ ಮೂರು ವಾರದ ಹಿಂದೆ, ಆಟಗಾರರ ಅದಲುಬದಲಿಗೆ ಕೊನೆಯ ದಿನ, ತನ್ನ ತಂಡದ ಇಬ್ಬರು ಗಟ್ಟಿಮುಟ್ಟಾದ ಆಟಗಾರರನ್ನು ಅರ್ಲೀನಳ ತಮ್ಮ ಗ್ಯಾರಿಗೆ ಕೊಟ್ಟು ಟಾಲ್ಮನ್‌ನನ್ನು ತೆಗೆದುಕೊಂಡ. ಟಾಲ್ಮನ್ ಸೆಪ್ಟೆಂಬರ್‌ನಲ್ಲಿ ಎದ್ದು ಬಂದು ಮೊದಲಿನ ಹಾಗೆ ನಾಲ್ಕು ವಾರ ಹೊಡೆದರೆ ಒಂಬತ್ತನೆಯ ಸ್ಥಾನದಲ್ಲಿರುವ ಗ್ಯಾರಿಯನ್ನು ಹಿಂದೆ ಹಾಕಬಹುದು. ಅವತ್ತು ಎಲ್ಲರೂ ಎಷ್ಟು ನಕ್ಕರೆಂದರೆ, ಏನು ಬಿತ್ತು ಎಂದು ನೋಡಲು ಸ್ಟಬ್ ಅಡುಗೆಮನೆಯಿಂದ ಓಡಿಬಂದ.

ಸೆಪ್ಟೆಂಬರ್ ಬಂತು. ಮೊದಲ ಗುರುವಾರ ಬೆಳಗ್ಗೆ ಲಾಯ್ಡ್ ತನ್ನ ಹಾರ್ಡ್‌ವೇರ್ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಗ್ಯಾರಿ ವ್ಯಾನು ನಿಲ್ಲಿಸಿ ತಲೆ ಹೊರಹಾಕಿದ.

"ಲಾಯ್ಡ್, ನಿನ್ನ ಗಾಜಿನ ಗೊಂಬೆ ಊರಿಗೆ ಬಂದಿದೆ ಕಣೋ."

"ಯಾರು, ಟಾಲ್ಮನ್ನಾ?"

"ಹೂಂ. ನಿನ್ನೆ ಸಂಜೆ ವಿಲ್ಮಾಳ ಮೋಟೆಲ್‌ನಲ್ಲಿ ಇಳಿದನಂತೆ. ಇವತ್ತು ಮಧ್ಯಾಹ್ನ ನಮ್ಮೂರ ಬಾರ್ಜರ್ಸ್ ತಂಡದಲ್ಲಿ ಆಡ್ತಾನೆ. ಮೆಟ್ಟಿಲು ಹತ್ತೋಕೇ ಐದು ನಿಮಿಷ ತಗೊಂಡನಂತೆ."

ಗಾಯದಿಂದ ಎದ್ದ ದೊಡ್ಡ ಆಟಗಾರನನ್ನು ನೇರವಾಗಿ ದೊಡ್ಡ ಪಂದ್ಯಕ್ಕೆ ಇಳಿಸುವುದಿಲ್ಲ. ನಮ್ಮಂಥ ಊರಿನ ಚಿಕ್ಕ ತಂಡದಲ್ಲಿ ಒಂದೆರಡು ಪಂದ್ಯ ಆಡಿಸಿ, ಕೀಲುಗಳು ಕೂತಿವೆಯೇ ಎಂದು ನೋಡುತ್ತಾರೆ. ಹಾಗೆ ಬಂದವನು ಚಿಕ್ಕ ತಂಡದವರಿಗೆಲ್ಲ ಒಂದು ಒಳ್ಳೆಯ ಊಟ ಹಾಕಿಸಬೇಕು, ಅದು ಎಷ್ಟೋ ಕಾಲದ ವಾಡಿಕೆ. ಇವತ್ತು ಕೀಲುಗಳು ಕೂತರೆ ನಾಳೆಯೇ ಟಾಲ್ಮನ್ ದೊಡ್ಡ ಲೀಗಿಗೆ ವಾಪಸು.

ಲಾಯ್ಡ್‌ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. "ವಿಲ್ಮಾಳ ಮೋಟೆಲ್ ಮೆಟ್ಟಿಲಲ್ಲಿ ಮೂರನೇ ಹಲಗೆ ಅಲ್ಲಾಡತ್ತೆ" ಎಂದ.

"ಅಲ್ಲಾಡ್ಲಿ ಬಿಡು, ನನಗೇನು" ಎಂದು ಗ್ಯಾರಿ ಸಂತೋಷವಾಗಿ ಹೊರಟುಹೋದ.

ಲಾಯ್ಡ್ ಬಾಗಿಲು ಮತ್ತೆ ಮುಚ್ಚಿ, ಸುತ್ತಿಗೆ ಮತ್ತು ಒಂದು ಡಬ್ಬಿ ಮೊಳೆ ತೆಗೆದುಕೊಂಡು ಮೋಟೆಲ್‌ಗೆ ಓಡಿದ. ಏಳೂವರೆಗೆ ಅಲ್ಲಿ ಎಲ್ಲರೂ ಮಲಗಿದ್ದರು. ಅವನು ಮೂರನೇ ಮೆಟ್ಟಿಲ ಮೇಲೆ ಕೂತು ಧಡಧಡ ಹೊಡೆಯತೊಡಗಿದ. ನಾಲ್ಕನೇ ಏಟಿಗೆ ಕೆಳಗಿನಿಂದ ವಿಲ್ಮಾ ಬೈಯುತ್ತ ಬಂದಳು. ಆರನೇ ಏಟಿಗೆ ಮೇಲಿನ ಬಾಗಿಲು ತೆರೆದು ವೆಸ್ ಟಾಲ್ಮನ್ ಬರಿಗಾಲಲ್ಲಿ, ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದ. ಅವನನ್ನು ಕಂಡ ಗಾಬರಿಗೆ ಲಾಯ್ಡ್‌ನ ಮೊಣಕೈ ತಗುಲಿ ಡಬ್ಬಿ ಉರುಳಿತು. ಮೊಳೆಗಳೆಲ್ಲ ಮೆಟ್ಟಿಲ ತುಂಬ ಚೆಲ್ಲಿದವು.

"ಕಾಲಿಡಬೇಡಿ" ಎನ್ನುತ್ತ ಲಾಯ್ಡ್ ಎರಡೂ ಕೈಯಿಂದ ಮೊಳೆಗಳನ್ನು ಬಳಿದ. ಒಂದು ಮೊಳೆ ಅಂಗೈಗೆ ಇಳಿಯಿತು.

"ಯಾರ್ರೀ ನೀವು?" ಎಂದ ಟಾಲ್ಮನ್.

"ಮೆಟ್ಟಿಲು ರಿಪೇರಿಯವನು."

"ನಾನು ಕರೆದೇ ಇಲ್ಲ ಇವನನ್ನ" ಎಂದಳು ವಿಲ್ಮಾ. ಬೈದುಕೊಂಡೇ ಕೈಗೆ ಪಟ್ಟಿ ಕಟ್ಟಿದಳು.

ಟಾಲ್ಮನ್ ಕಾಫಿ ಕುಡಿಯಲು ಬೀದಿ ದಾಟಿ ಹೋಟೆಲಿಗೆ ಹೊರಟಾಗ ಲಾಯ್ಡ್ ಹತ್ತು ಹೆಜ್ಜೆ ಮುಂದೆ ಹೊರಟ. ದಾರಿಯ ಕಲ್ಲು ಒದ್ದು ಸರಿಸಿದ, ಒಂದು ನಾಯಿಯನ್ನು ಆಚೆ ಬೀದಿಯವರೆಗೆ ಅಟ್ಟಿಬಂದ. ಹೋಟೆಲಿನಲ್ಲಿ ಆಗಷ್ಟೇ ನೆಲ ಒರೆಸಿದ್ದರು. ಅದನ್ನು ನೋಡಿ "ನಿಲ್ಲಿ, ಒದ್ದೆಯಿದೆ" ಎಂದು ಎಚ್ಚರಿಸಲು ಹಿಂದಕ್ಕೆ ತಿರುಗಿದ, ತಿರುಗಿದ ಭರಕ್ಕೆ ತಾನೇ ಜಾರಿ ಕೂತ. ಸೊಂಟ ಹಿಡಿಯಿತು. ಟಾಲ್ಮನ್ ಎತ್ತಲು ಕೈ ಚಾಚಿದರೆ, "ನೀವು ಬಗ್ಗಬೇಡಿ, ದಯವಿಟ್ಟು ಬಗ್ಗಬೇಡಿ" ಎಂದು ಬೇಡಿಕೊಂಡು, ಮೇಜಿನ ಕಾಲು ಹಿಡಿದು ತಾನೇ ಎದ್ದ.

ಇಷ್ಟಕ್ಕೆ ಸಾಕು ಎನ್ನಬಹುದಿತ್ತು. ಆದರೆ ಟಾಲ್ಮನ್ ಹುಡುಗರಿಗೆ ಹಾಕಿಸುವ ಊಟದ ಆರ್ಡರು ಹೋದದ್ದು ಲಾಯ್ಡ್‌ನ ಅಕ್ಕ ಮಾರ್ಜ್‌ಳ ಅಡುಗೆಮನೆಗೆ. ಲಾಯ್ಡ್ ಅಲ್ಲಿಗೆ ಹೋಗಿ ಗೋಗರೆದ.

"ನಾನೇ ತಲುಪಿಸ್ತೀನಿ ಅಕ್ಕ."

"ಒಂದು ಕೈಗೆ ಪಟ್ಟಿ, ನಡಿಯೋದು ನೋಡಿದ್ರೆ ಏಡಿ ಥರ. ನೀನೇನು ತಲುಪಿಸ್ತೀಯ?"

"ಅವನ ಊಟದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನನ್ನ ಊಟ ತಿಂದು ಇವತ್ತಿನವರೆಗೆ ಯಾರೂ ಸತ್ತಿಲ್ಲ, ತಗೊಂಡು ಹೋಗು" ಎಂದು ಮಾರ್ಜ್ ಹಂದಿಮಾಂಸದ ಸ್ಯಾಂಡ್‌ವಿಚ್‌ನ ತಟ್ಟೆಗಳನ್ನೂ, ಬೇಯಿಸಿದ ಜೋಳದ ತೆನೆಯ ದೊಡ್ಡ ಹಂಡೆಯನ್ನೂ ಗಾಡಿಗೆ ಹಾಕಿಸಿದಳು.

ಆಟಗಾರರ ಕೋಣೆಯ ಬಾಗಿಲಲ್ಲಿ ಹಂಡೆ ಇಳಿಸುವಾಗ ಟಾಲ್ಮನ್ ಅಲ್ಲೇ ನಿಂತಿದ್ದ. ಒಳ್ಳೆಯ ಮನುಷ್ಯ, ಇನ್ನೊಂದು ಹಿಡಿಗೆ ಕೈಹಾಕಿದ. ಆ ಬೆನ್ನು ಬಗ್ಗುವುದನ್ನು ಕಂಡು ಲಾಯ್ಡ್ ಹಂಡೆಯನ್ನು ಪೂರ್ತಿ ತನ್ನ ಕಡೆಗೆ ಎಳೆದುಕೊಂಡ. ಹಂಡೆ, ಲಾಯ್ಡ್, ಅರವತ್ತು ತೆನೆ, ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು. ಟಾಲ್ಮನ್‌ಗೆ ಒಂದು ಹನಿ ಬಿಸಿನೀರೂ ಸಿಡಿಯಲಿಲ್ಲ. ಲಾಯ್ಡ್‌ನ ಮೊಣಕಾಲು ಮಾತ್ರ ಕುಂಬಳಕಾಯಿಯ ಹಾಗೆ ಊದಿಕೊಂಡಿತು.

ತಂಡದ ಫಿಸಿಯೋ ಜೋನಿ ಅವನನ್ನು ಮಂಚದ ಮೇಲೆ ಮಲಗಿಸಿ ಮೊಣಕಾಲಿಗೆ ಐಸ್ ಕಟ್ಟಿದಳು. ಪಕ್ಕದ ಮಂಚದಲ್ಲಿ ಟಾಲ್ಮನ್, ಅವನ ಮೊಣಕಾಲಿಗೂ ಐಸ್. ಜೋನಿ ಹೊರಗೆ ಹೋದ ಮೇಲೆ ಟಾಲ್ಮನ್ ಇವನ ಕಡೆ ತಿರುಗಿದ.

"ನಿಜ ಹೇಳಿ" ಎಂದ ಟಾಲ್ಮನ್. "ನೀವು ಮೆಟ್ಟಿಲು ರಿಪೇರಿಯವರಲ್ಲ."

ಲಾಯ್ಡ್‌ಗೆ ಸುಳ್ಳು ಸರಾಗವಾಗಿ ಬರುತ್ತಿರಲಿಲ್ಲ. "ನೀವು ನನ್ನ ಫ್ಯಾಂಟಸಿ ತಂಡದಲ್ಲಿದ್ದೀರಿ" ಎಂದ.

"ಓಹೋ. ನನಗೋಸ್ಕರ ಯಾರನ್ನ ಬಿಟ್ಟುಕೊಟ್ರಿ?"

ಲಾಯ್ಡ್ ಎರಡು ಹೆಸರು ಹೇಳಿದ. ಟಾಲ್ಮನ್ ಮೊಣಕೈ ಊರಿ ಎದ್ದು ಕೂತ.

"ಇಬ್ಬರನ್ನೂ? ಅವರಿಗೆ ನೆಗಡಿ ಕೂಡ ಆಗಲ್ಲ ಕಣ್ರೀ. ನಾವು ಆಟಗಾರರೂ ಒಂದು ಫ್ಯಾಂಟಸಿ ಆಡ್ತೀವಿ. ನನ್ನ ಹೆಸರು ನಾನೇ ಆರಿಸಲಿಲ್ಲ."

ಲಾಯ್ಡ್ ನಗಲು ಪ್ರಯತ್ನಪಟ್ಟ. ಅಷ್ಟು ಹತ್ತಿರದಿಂದ ಆ ಮೊಣಕಾಲು ನೋಡಿದ್ದು ಅದೇ ಮೊದಲು. ಹೊಲಿಗೆಯ ಗುರುತುಗಳು ಒಂದರ ಮೇಲೊಂದು ಹಾದುಹೋಗಿದ್ದವು. ಬೆಳಗಿನಿಂದ ಅದನ್ನು ತನ್ನ ಸ್ವತ್ತಿನಂತೆ ಕಾದವನಿಗೆ ಏನೋ ನಾಚಿಕೆಯೆನಿಸಿತು.

"ತುಂಬಾ ನೋಯತ್ತಾ?" ಎಂದು ಕೇಳಿದ.

ಟಾಲ್ಮನ್ ಐಸಿನ ಚೀಲ ಸರಿಮಾಡಿಕೊಂಡ. "ಇಪ್ಪತ್ತು ವರ್ಷದಿಂದ ಎಲ್ಲರೂ ಯಾವಾಗ ವಾಪಸು ಬರ್ತೀಯ ಅಂತ ಕೇಳ್ತಾರೆ. ನೋಯತ್ತಾ ಅಂತ ನೀವೇ ಮೊದಲು ಕೇಳಿದ್ದು. ನೋಯತ್ತೆ. ಬೆಳಗ್ಗೆ ಸಾಕ್ಸ್ ಹಾಕಿಕೊಳ್ಳೋಕೆ ಅರ್ಧ ಗಂಟೆ ಬೇಕು. ನನ್ನ ಹೆಂಡತಿಯ ತವರು ಇಲ್ಲೇ ನದಿಯಾಚೆ, ಇಲ್ಲೇ ಬಂದು ಇದ್ದುಬಿಡೋಣ ಅಂತ ಮೂರು ವರ್ಷದಿಂದ ಹೇಳ್ತಿದ್ದಾಳೆ. ಇನ್ನೊಂದು ಸೀಸನ್ ಆಗ್ಲಿ ಅಂತ ನಾನು ಮುಂದಕ್ಕೆ ಹಾಕ್ತಾ ಬಂದಿದ್ದೀನಿ."

ಇಲ್ಲಿ ಲಾಯ್ಡ್ ಬಾಯಿ ಮುಚ್ಚಿಕೊಂಡಿದ್ದರೆ ಅವನ ಕೆಲಸ ಆಗಿಹೋಗುತ್ತಿತ್ತು. "ಹೌದು, ಇನ್ನೊಂದು ಸೀಸನ್ ಆಗ್ಲಿ" ಎಂದರೂ ಆಗುತ್ತಿತ್ತು. ಆದರೆ ಆ ಮಾತು ಅವನಿಗೆ ಬೇರೆ ಯಾವುದೋ ಕಡೆಯಿಂದ ಕೇಳಿಸಿದ ಹಾಗಾಯಿತು.

"ನಮ್ಮ ಅರ್ಲೀನ್‌ಗೆ ಸಮುದ್ರ ನೋಡ್ಬೇಕು ಅಂತ ಆಸೆಯಿತ್ತು" ಎಂದ. "ಬೇಸಿಗೆಯಲ್ಲಿ ಅಂಗಡಿ ಬಿಡೋಕಾಗಲ್ಲ, ಮುಂದಿನ ವರ್ಷ ಅಂತಿದ್ದೆ. ಹನ್ನೊಂದು ವರ್ಷ ಹಾಗೇ ಅಂದೆ. ಆಮೇಲೆ ಅವಳೇ ಇರಲಿಲ್ಲ. ಅಂಗಡಿ ಎಲ್ಲೂ ಓಡಿಹೋಗ್ತಿರಲಿಲ್ಲ."

ಜೋನಿ ಬಂದು ಟಾಲ್ಮನ್‌ನನ್ನು ಕರೆದುಕೊಂಡು ಹೋದಳು.

ಪಂದ್ಯವನ್ನು ಲಾಯ್ಡ್ ಕಿಟಕಿಯಿಂದ ನೋಡಿದ. ಮೊದಲ ಎರಡು ಸಲ ಟಾಲ್ಮನ್ ಬ್ಯಾಟು ಬೀಸಿದ್ದು ಗಾಳಿಗೆ. ಮೂರನೆಯ ಸಲ ಚೆಂಡಿಗೆ ತಗುಲಿದ ಸದ್ದು ಕೇಳಿಯೇ ಜನ ಎದ್ದುನಿಂತರು. ಚೆಂಡು ಬೇಲಿ ದಾಟಿ, ರೈಲುಹಳಿ ದಾಟಿ, ನದಿಯ ಕಡೆಗೆ ಹೋಯಿತು. ಟಾಲ್ಮನ್ ಮೈದಾನ ಸುತ್ತುಬರುವಾಗ ಕುಂಟಲಿಲ್ಲ. ಲಾಯ್ಡ್ ಐಸಿನ ಚೀಲವನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟ. ಕೀಲುಗಳು ಕೂತಿದ್ದವು, ಕುರ್ಚಿ ಉಳಿದಿತ್ತು.

ಆರು ಗಂಟೆಗೆ ಸ್ಟಬ್‌ನ ಬಾರಿಗೆ ಲಾಯ್ಡ್ ಊರುಗೋಲು ಹಿಡಿದು ಬಂದ. ಕೈಗೆ ಪಟ್ಟಿ, ಸೊಂಟಕ್ಕೆ ಬೆಲ್ಟು, ಮೊಣಕಾಲಿಗೆ ಕಟ್ಟು.

"ಅವನನ್ನ ತಗೊಂಡಿದ್ದಕ್ಕೆ ನಿನಗೂ ಅಂಟಿಕೊಂಡಿತಲ್ಲೋ" ಎಂದ ಗ್ಯಾರಿ.

"ನಗು ಗ್ಯಾರಿ, ನಗು. ನಾಳೆಯಿಂದ ನೋಡ್ಕೋ" ಎಂದು ಲಾಯ್ಡ್ ತನ್ನ ಕುರ್ಚಿಯಲ್ಲಿ ಕೂತು, ತಿಂಗಳುಗಳ ನಂತರ ಮೊದಲ ಸಲ ಹೊಟ್ಟೆ ತುಂಬ ತಿಂದ. ಈ ಹತ್ತು ಕುರ್ಚಿಗಳ ಲೀಗಿನ ಮುಖ್ಯಸ್ಥೆ ಡೊಲೊರೆಸ್ ಕೂಡ ಅವನ ಭುಜ ತಟ್ಟಿದಳು. ಮೂವತ್ತು ವರ್ಷ ಶಾಲೆಯ ಕಚೇರಿ ನಡೆಸಿದ ಹೆಂಗಸು, ಯಾರ ಭುಜವನ್ನೂ ಸುಮ್ಮನೆ ತಟ್ಟುವವಳಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ವೆಸ್ ಟಾಲ್ಮನ್ ಕಾಣಿಸಿಕೊಂಡ. ಲಾಯ್ಡ್ ಇಡೀ ದಿನದ ಅಭ್ಯಾಸಬಲದಿಂದ ಊರುಗೋಲು ಹಿಡಿದು ಎದ್ದು, ತನ್ನ ಕುರ್ಚಿಯನ್ನು ಅವನ ಕಡೆ ಎಳೆದ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಂತ್ರೆ ಕಾಲಿಗೆ ಭಾರ."

ಟಾಲ್ಮನ್ ಕೂತ. "ಲಾಯ್ಡ್, ನಿಮಗೇ ಮೊದಲು ಹೇಳಬೇಕು ಅಂತ ಹುಡುಕಿಕೊಂಡು ಬಂದೆ" ಎಂದ. "ಪಂದ್ಯ ಮುಗಿದ ತಕ್ಷಣ ಹೆಂಡತಿಗೆ ಫೋನ್ ಮಾಡಿದೆ. ನಿವೃತ್ತಿ ತಗೊಂಡುಬಿಟ್ಟೆ. ಇವತ್ತಿನ ಹೊಡೆತವೇ ಕೊನೇದು. ನೀವು ಆ ಸಮುದ್ರದ ಮಾತು ಹೇಳದೇ ಇದ್ದಿದ್ರೆ ನಾಳೆ ಬೆಳಗ್ಗೆ ವಿಮಾನ ಹತ್ತಿರ್ತಿದ್ದೆ."

ಯಾರೂ ನಗಲಿಲ್ಲ, ಗ್ಯಾರಿ ಕೂಡ. ಲಾಯ್ಡ್ ಊರುಗೋಲಿನ ಮೇಲೆ ಸ್ವಲ್ಪ ವಾಲಿದ.

"ಒಳ್ಳೇದು ಮಾಡಿದ್ರಿ" ಎಂದ ಕೊನೆಗೆ. ವಿಚಿತ್ರವೆಂದರೆ ಅದು ಅವನ ಮನಸ್ಸಿನ ಮಾತೇ ಆಗಿತ್ತು.

"ನದಿಯಾಚೆ ಮನೆ ಮಾಡ್ತಿದ್ದೀವಿ. ಮನೆಯಲ್ಲೇ ಕೂತರೆ ನಿನಗೆ ಹುಚ್ಚು ಹಿಡಿಯತ್ತೆ, ವಾರಕ್ಕೊಂದು ದಿನವಾದ್ರೂ ಹೊರಗೆ ಹೋಗು ಅಂದಳು ಅವಳು" ಎಂದು ಟಾಲ್ಮನ್ ಸುತ್ತ ನೋಡಿದ. "ನಿಮ್ಮ ಲೀಗಿನಲ್ಲಿ ಹೊಸಬರಿಗೆ ಜಾಗ ಸಿಗತ್ತಾ?"

ಡೊಲೊರೆಸ್ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. "ಹತ್ತೇ ಜನ ಅಂತ ನಿಯಮ" ಎಂದಳು. "ಆದರೆ ನೀವು ಆಡೋದು ಬಿಟ್ಟಿದ್ದರಿಂದ, ಬರೋ ವಸಂತಕ್ಕೆ ಒಂದು ಕುರ್ಚಿ ಖಾಲಿಯಾಗತ್ತೆ."

"ವಾ. ಯಾವುದು?"

ಎಲ್ಲರೂ ಅವನು ಕೂತಿದ್ದ ಕುರ್ಚಿಯನ್ನು ನೋಡಿದರು, ಆಮೇಲೆ ಪಕ್ಕದಲ್ಲಿ ನಿಂತಿದ್ದ ಲಾಯ್ಡ್‌ನನ್ನು. ಟಾಲ್ಮನ್‌ಗೆ ಅರ್ಥವಾಯಿತು. ಮುಖ ಕೆಂಪಾಗಿ ಮೇಜು ಹಿಡಿದು ಏಳಲು ಹೋದ. ಅವನ ಮೊಣಕಾಲು ಲಟಕ್ಕೆಂದದ್ದು ಇಡೀ ಕೋಣೆಗೆ ಕೇಳಿಸಿತು.

ಲಾಯ್ಡ್ ಪಟ್ಟಿ ಕಟ್ಟಿದ ಕೈಯನ್ನು ಅವನ ಭುಜದ ಮೇಲಿಟ್ಟು ಮೆಲ್ಲಗೆ ಕೆಳಗೆ ಒತ್ತಿದ.

"ಏಳಬೇಡಿ" ಎಂದ. "ನನಗೆ ನಿಂತು ಊಟ ಮಾಡಿ ಅಭ್ಯಾಸ ಇದೆ."