ಮಾವನ ನುಸಿ, ನನ್ನ ಕುಕ್ಕರ್

ನನ್ನ ಸೋದರಮಾವನಿಗೆ ಈ ಲೋಕದಲ್ಲಿರುವುದು ಒಬ್ಬನೇ ವೈರಿ. ಆ ವೈರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ! ಬೆಂಡೆ ಎಲೆಯ ಅಡಿಯಲ್ಲಿ ಬಲೆ ನೇಯ್ದು ರಸ ಹೀರುವ ಕೆಂಪು ನುಸಿ. ಮಾವನ ಹೊಲವಿರುವುದು ಹುಡಗಿ ಎಂಬ ಹಳ್ಳಿಯಲ್ಲಿ, ನನ್ನ ಮನೆ ಹುಮನಾಬಾದಿನಲ್ಲಿ. ಆದರೂ ಆ ನುಸಿಯಿಂದ ಬೆಂಡೆಗಿಂತ ಹೆಚ್ಚು ಹಾಳಾದವಳು ನಾನು! ಮಾವನ ಬಗ್ಗೆ ಬರೆಯುವಾಗ ಏಕವಚನ ಬರುತ್ತಿದೆ, ಕ್ಷಮಿಸಿ. ಸಿಟ್ಟು ಅಷ್ಟಿದೆ.

ಒಂದು ಮುಂಜಾನೆ ಬಂದವನೇ ನೇರವಾಗಿ ಅಡುಗೆಮನೆಗೆ ನುಗ್ಗಿ ನನ್ನ ದೊಡ್ಡ ಕುಕ್ಕರನ್ನು ಬಗಲಲ್ಲಿಟ್ಟುಕೊಂಡ.

"ಮಾಮಾ, ಕುಕ್ಕರ್ ಎಲ್ಲಿಗ್ರಿ?"

"ನೀಲಗಿರಿ ಎಲಿ ಕುದಿಸಿ ಎಣ್ಣಿ ಇಳಿಸಾಕ. ವಾಸನಿಗೇ ನುಸಿ ಊರು ಬಿಡಬೇಕು, ನೋಡ್ತಿರು!"

ಸೀಟಿ ಕಿತ್ತು, ಅಲ್ಲಿಗೊಂದು ರಬ್ಬರ್ ನಳಿಗೆ ಸಿಕ್ಕಿಸಿ, ಆ ನಳಿಗೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಹಾಯಿಸಿ ಹನಿಹನಿ ಎಣ್ಣೆ ಇಳಿಸಿದನಂತೆ. ಕುಕ್ಕರ್ ವಾಪಸು ಬಂತು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ. ಮೂಗಿಗೆ ಏನೂ ಹೊಡೆಯಲಿಲ್ಲ. ಆದರೆ ಮನೆಗೆ ಬೀಗರು ಬಂದ ದಿನವೇ ಅದರ ರಬ್ಬರು ತನ್ನೊಳಗಿದ್ದ ನೀಲಗಿರಿಯನ್ನೆಲ್ಲ ಅನ್ನಕ್ಕೆ ಬಿಟ್ಟುಕೊಡಬೇಕೇ? ಮೊದಲ ತುತ್ತಿಗೇ ಹಿರಿಯ ಬೀಗರು ಕೈ ನಿಲ್ಲಿಸಿ ಕೇಳಿದರು: "ಅನ್ನಕ್ಕ ನೆಗಡಿ ಆಗಿತ್ತೇನ್ರೀ?"

ನನಗೆ ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ!

ಆಮೇಲೆ ಬಸವಕಲ್ಯಾಣದಲ್ಲೊಂದು ಮದುವೆ. ಮಾವ ಜೇಬಿನಿಂದ ಭೂತಗನ್ನಡಿ ತೆಗೆದು, ಮದುಮಗನ ಕೊರಳ ಗುಲಾಬಿ ಹಾರವನ್ನೇ ತಿರುವಿ ತಿರುವಿ ನೋಡತೊಡಗಿದ.

"ಇಲ್ಲೂ ಅದಾವ!" ಎಂದು ಕೂಗಿದ.

"ಏನ್ ಅದಾವ್ರಿ?" ಮದುಮಗನ ತಾಯಿ ಹೌಹಾರಿದರು.

"ನುಸಿ!"

ಯಾರಾದರೂ ತಡೆಯುವಷ್ಟರಲ್ಲಿ ಸೀಸೆ ತೆಗೆದು ಲವಂಗದೆಣ್ಣೆ ಬೆರೆಸಿದ ನೀರನ್ನು ಹಾರದ ಮೇಲೆ ಚಿಮುಕಿಸಿಯೇ ಬಿಟ್ಟ. ಅಕ್ಷತೆ ಬೀಳುವಾಗ ಮದುಮಗನಿಗೆ ಸೀನು, ತಾಳಿ ಕಟ್ಟುವಾಗ ಸೀನು! ಅಪಶಕುನ ಎಂದು ಭಟ್ಟರು ಮಂತ್ರ ನಿಲ್ಲಿಸಿದರು. ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ನಾನು ಗೋಡೆ ನೋಡುತ್ತಿದ್ದೆ. ಅಷ್ಟರಲ್ಲಿ ಇಡೀ ಮಂಟಪಕ್ಕೆ ಕೇಳುವಂತೆ ಮಾವ ನನ್ನನ್ನೇ ಕರೆದ: "ಅವ್ವಾ, ಈ ಬಾಟ್ಲಿ ಮುಚ್ಚಳ ಹಿಡಿ ಬಾ!"

ಇಷ್ಟೆಲ್ಲ ಮಾಡಿ ಗೆದ್ದನೇ? ಒಂದು ದಿನ ಫೋನು ಬಂತು.

"ಅವ್ವಾ, ನುಸಿ ಎಲ್ಲಾ ಸತ್ತಾವ!"

"ಬೆಂಡಿ ಹ್ಯಾಂಗ ಅದಾವ್ರಿ?"

ಮಾವ ಒಮ್ಮೆ ಕೆಮ್ಮಿದ. "ಅವೂ ಸತ್ತಾವ."

ಸುಡು ಬಿಸಿಲಲ್ಲಿ ಎಣ್ಣೆಯನ್ನು ಮಿತಿಮೀರಿ ಹೊಡೆದು ಗಿಡಗಳನ್ನೇ ಸುಟ್ಟುಬಿಟ್ಟಿದ್ದ. ಅಂಗಡಿ ಔಷಧ ತರಬಾರದೇ ಎಂದರೆ ನನ್ನ ಮೇಲೇ ಹರಿಹಾಯ್ದ. ಮತ್ತೆ ಬೆಂಡೆ ಬಿತ್ತಿದ. ನಾನಿಲ್ಲದಾಗ ಬಂದು ನನ್ನ ಹೊಸ ಕುಕ್ಕರನ್ನೂ ಒಯ್ದ!

ಆವತ್ತು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಸಂಜೆಯ ತಂಪಿನಲ್ಲಿ ಮಾವ ಬೆನ್ನಿಗೆ ಪಂಪು ಕಟ್ಟಿಕೊಂಡು ನಿಂತಿದ್ದ. ಈ ಸಲ ಸಾಬೂನು ನೀರಿಗೆ ನಿಂಬೆಹುಲ್ಲಿನ ಎಣ್ಣೆ ನಾಲ್ಕಾರು ಹನಿ ಮಾತ್ರವಂತೆ. ನುಸಿ ಪೂರ್ತಿ ಹೋಗಿರಲಿಲ್ಲ, ಆದರೆ ಗಿಡ ಹಸಿರಾಗಿತ್ತು.

"ಮಾಮಾ, ನಿಮಗೇನರ ತಲಿ..." ಎಂದು ಶುರು ಮಾಡಿದೆ. ಮಾವ ಸುಮ್ಮನಿರು ಎಂದು ಕೈ ಎತ್ತಿದ. ಅವನು ನೋಡುತ್ತಿದ್ದ ಕಡೆ ತಿರುಗಿದೆ. ಇನ್ನೂ ಎಣ್ಣೆ ಹೊಡೆಯದ ಸಾಲಿನಲ್ಲಿ ಅವನ ಪುಟ್ಟ ಮೊಮ್ಮಗಳು ಎಳೆ ಬೆಂಡೆಕಾಯಿ ಮುರಿದು ಕಚ್ಚುತ್ತಿದ್ದಳು.

"ಹ್ವಾದ ವರ್ಷಾನೂ ಹಿಂಗೇ ತಿನ್ನಾಕತ್ತಿದ್ಲು," ಎಂದ ಮಾವ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. "ಅವತ್ತ ಮುಂಜಾನಿ ಅಂಗಡಿ ಔಷಧ ಹೊಡೆದಿದ್ನಿ. ಓಡಿ ಹೋಗಿ ಬಾಯಾಗ ಬೊಟ್ಟು ಹಾಕಿ ತೆಗೆಸಿದ್ನಿ. ಅಂಜಿಕಿ ಬಂದು ಅಕಿಗೆ ಹೊಡೆದೂ ಬಿಟ್ನಿ, ಅವ್ವಾ. ಅಳಕೋತ ಏನ್ ಕೇಳಿದ್ಲು ಗೊತ್ತದ? 'ಅಜ್ಜಾ, ಇದು ನಮ್ಮ ಹೊಲ ಅಲ್ಲೇನು?' ಅಂದ್ಲು."

ಮಾವ ಮುಖ ತಿರುಗಿಸಿ ಮುಂದಿನ ಗಿಡದ ಎಲೆ ಎತ್ತಿದ. ಹುಡುಗಿ ಇನ್ನೊಂದು ಕಾಯಿ ಮುರಿದು ನನ್ನ ಕಡೆ ಚಾಚಿದಳು.

ತೊಳೆಯದೆ ತಿಂದೆ.